ವಾರಾನ್ನದಿಂದ ವಿದ್ಯಾಸಾಲದವರೆಗೆ

ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾದ ಕಾರಣ ಎರಡು ತಿಂಗಳಿಂದ ಇಲ್ಲಿ ಏನನ್ನೂ ಬರೆಯಲಾಗಿರಲಿಲ್ಲ. ಈಗ ಬರೆಯಲು ಕುಳಿತದ್ದಕ್ಕೆ ಒಂದು ದೂರವಾಣಿ ಕರೆ ಕಾರಣ.

ಕರೆ ಮಾಡಿದವನು 1988ರಲ್ಲಿ ನನ್ನ ಬಳಿ ಹತ್ತನೆಯ ತರಗತಿಯಲ್ಲಿ ಗಣಿತ ಕಲಿತವನು. ಈಗ ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಾನೆ. "ಸಾರ್, ಮಗಳಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿದೆ. ಬ್ಯಾಂಕಿನವರು ಮಾರ್ಜಿನ್ನು, ಮೊರಟೋರಿಯಮ್ಮು, ಸಬ್ಸಿಡಿ ಅಂತಾರೆ. ಅರ್ಧ ಅರ್ಥವಾಗ್ತದೆ, ಅರ್ಧ ಆಗೋದಿಲ್ಲ. ನಿಮ್ಮನ್ನು ಕೇಳಿಯೇ ಸಹಿ ಹಾಕೋಣ ಅಂತ," ಎಂದ. ನನಗೆ ತಿಳಿದಷ್ಟನ್ನು ಹೇಳಿದೆ, ತಿಳಿಯದಿದ್ದುದನ್ನು ವಿಚಾರಿಸಿ ಮರುದಿನ ಹೇಳಿದೆ. ಆದರೆ ಫೋನ್ ಕೆಳಗಿಟ್ಟ ಮೇಲೆ ಮನಸ್ಸಿಗೆ ಸಮಾಧಾನವಾಗಲಿಲ್ಲ. ಏಕೆಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಅದಕ್ಕೆ ಮೊದಲು, ಬಡವರ ಮಕ್ಕಳು ಕಾಲೇಜು ಓದುವುದಕ್ಕೆ ಈ ನಾಡಿನಲ್ಲಿ ಯಾರು, ಯಾವ ಕಾಲದಲ್ಲಿ, ಹೇಗೆ ಹಣ ಕೊಟ್ಟರು ಎಂಬುದನ್ನು ನನಗೆ ತಿಳಿದ ಮಟ್ಟಿಗೆ ನೆನಪಿಸಿಕೊಳ್ಳೋಣ.

ನಮ್ಮ ತಂದೆಯವರು ಮೈಸೂರಿನಲ್ಲಿ ವಾರಾನ್ನದ ಮೇಲೆ ಓದಿದವರು. ಇಂದಿನ ಮಕ್ಕಳಿಗೆ ಆ ಶಬ್ದವೇ ಗೊತ್ತಿಲ್ಲ. ಸೋಮವಾರ ಒಬ್ಬರ ಮನೆಯಲ್ಲಿ ಊಟ, ಮಂಗಳವಾರ ಇನ್ನೊಬ್ಬರ ಮನೆಯಲ್ಲಿ. ಹೀಗೆ ವಾರಕ್ಕೆ ಏಳು ಮನೆಗಳನ್ನು ಗೊತ್ತುಮಾಡಿಕೊಂಡರೆ ಹುಡುಗನ ಓದು ಸಾಗಿದಂತೆ. ನಮ್ಮ ತಂದೆಯವರಿಗೆ ಆರೇ ಮನೆಗಳು ಸಿಕ್ಕಿದ್ದವು. ಗುರುವಾರಕ್ಕೆ ಮನೆ ಇರಲಿಲ್ಲ. ಆ ದಿನ ಯಾರಾದರೂ ಕೇಳಿದರೆ "ಇವತ್ತು ರಾಯರ ವಾರ, ಉಪವಾಸ" ಎನ್ನುತ್ತಿದ್ದರಂತೆ. ಅನ್ನ ಹಾಕಿದ ತಾಯಂದಿರ ಹೆಸರುಗಳನ್ನು ಅವರು ಕೊನೆಯವರೆಗೂ ಹೇಳುತ್ತಿದ್ದರು. ಒಂದು ಮನೆಯಲ್ಲಿ ಬಾವಿಯಿಂದ ಎಂಟು ಕೊಡ ನೀರು ಸೇದಿದ ಮೇಲೆಯೇ ಎಲೆ ಹಾಕುತ್ತಿದ್ದರು ಎಂಬುದನ್ನೂ ಮರೆತಿರಲಿಲ್ಲ.

ವಾರಾನ್ನವನ್ನು ಹೊಗಳುವಾಗ ಒಂದು ಮಾತನ್ನು ಮರೆಮಾಚಬಾರದು. ಆ ಮನೆಗಳ ಬಾಗಿಲು ಬಹುಪಾಲು ಸ್ವಜಾತಿಯ ಹುಡುಗರಿಗೆ ಮಾತ್ರ ತೆರೆಯುತ್ತಿತ್ತು. ಉಳಿದವರ ಮಕ್ಕಳು ಪಟ್ಟಣಕ್ಕೆ ಬಂದರೆ ಉಣ್ಣುವುದೆಲ್ಲಿ, ಮಲಗುವುದೆಲ್ಲಿ? ಆ ಕಾಲದಲ್ಲಿ ಕಾಲೇಜಿನ ಶುಲ್ಕಕ್ಕಿಂತಲೂ ಇದೇ ದೊಡ್ಡ ಪ್ರಶ್ನೆಯಾಗಿದ್ದಿತು. ಮಠಗಳೂ ಸಮಾಜದ ಹಿರಿಯರೂ ಉಚಿತ ವಿದ್ಯಾರ್ಥಿನಿಲಯಗಳನ್ನು ಕಟ್ಟಿದ್ದು ಇದಕ್ಕೆ ಉತ್ತರವಾಗಿ. ಕೊಲ್ಲಾಪುರದಲ್ಲಿ ಶಾಹು ಮಹಾರಾಜರು 20ನೆಯ ಶತಮಾನದ ಆರಂಭದಲ್ಲಿಯೇ ಒಂದೊಂದು ಸಮುದಾಯಕ್ಕೂ ವಿದ್ಯಾರ್ಥಿನಿಲಯ ತೆರೆಯಲು ನೆರವಾದರು. ಉತ್ತರ ಕರ್ನಾಟಕದ ಸಿರಸಂಗಿಯ ಲಿಂಗರಾಜ ದೇಸಾಯಿಯವರು (1861–1906) ಮಕ್ಕಳಿಲ್ಲದ ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ಓದಿಗೆ ಉಯಿಲು ಬರೆದಿಟ್ಟರು.

ಬೆಂಗಳೂರಿನಲ್ಲಿ ಗುಬ್ಬಿ ತೋಟದಪ್ಪನವರ ಧರ್ಮದಿಂದ ನಡೆದ ವಿದ್ಯಾರ್ಥಿನಿಲಯದ ಕಥೆ ನಮ್ಮ ತುಮಕೂರು ಸೀಮೆಯವರಿಗೆ ಹೊಸದಲ್ಲ. ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತ ಅಲ್ಲಿ ಉಳಿದಿದ್ದ ತರುಣರೊಬ್ಬರು 1930ರಲ್ಲಿ ಸಿದ್ಧಗಂಗೆಯ ಉತ್ತರಾಧಿಕಾರಿಯಾಗಬೇಕಾಯಿತು. ಅವರೇ ಶಿವಕುಮಾರ ಸ್ವಾಮಿಗಳು. 2019ರಲ್ಲಿ ಅವರು ಲಿಂಗೈಕ್ಯರಾಗುವ ಕಾಲಕ್ಕೆ ಮಠದಲ್ಲಿ ಜಾತಿಮತಗಳ ಎಣಿಕೆಯಿಲ್ಲದೆ ಹತ್ತು ಸಾವಿರದಷ್ಟು ಮಕ್ಕಳು ಉಂಡು ಓದುತ್ತಿದ್ದರು. ನನ್ನ ಶಿಷ್ಯರಲ್ಲಿಯೇ ಹಲವರು ಆ ಪಂಕ್ತಿಯಲ್ಲಿ ಕುಳಿತು ಉಂಡವರು. ತಾವು ಉಂಡ ಅನ್ನವನ್ನು ನೂರು ಪಾಲು ಮಾಡಿ ಹಿಂದಿರುಗಿಸುವುದು ಎಂದರೆ ಹೀಗೆ.

ಅನ್ನದ ನೆರವಿನ ಜೊತೆಗೆ ಹಣದ ನೆರವೂ ಬಂದಿತು. ಅದನ್ನು ಮೊದಲು ಕೊಟ್ಟವರು ಅರಸರು. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಚಿಕ್ಕಂದಿನಲ್ಲಿಯೇ ತಂದೆಯನ್ನು ಕಳೆದುಕೊಂಡು, ಬೆಂಗಳೂರಿನಲ್ಲಿ ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಮನೆಪಾಠ ಹೇಳುತ್ತ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದರು. ಪ್ರಾಂಶುಪಾಲ ಚಾರ್ಲ್ಸ್ ವಾಟರ್ಸ್ ಅವರಿಗೆ ಈ ಹುಡುಗನ ಗಣಿತದ ಮೇಲೆ ವಿಶೇಷ ಅಭಿಮಾನ. ಮುಂದೆ ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದಲು ಮೈಸೂರು ಸರ್ಕಾರ ವಿದ್ಯಾರ್ಥಿವೇತನ ಕೊಟ್ಟಿತು. 1883ರಲ್ಲಿ ಅವರು ಮೊದಲ ಸ್ಥಾನದಲ್ಲಿ ತೇರ್ಗಡೆಯಾದರು. ಆ ವಿದ್ಯಾರ್ಥಿವೇತನ ಇಲ್ಲದಿದ್ದರೆ ಆ ಮಹಾನುಭಾವರು ಬಹುಶಃ ಒಬ್ಬ ಒಳ್ಳೆಯ ಗಣಿತದ ಮೇಷ್ಟ್ರಾಗುತ್ತಿದ್ದರು. ನಮ್ಮ ವೃತ್ತಿಗೆ ಅದು ಲಾಭ, ನಾಡಿಗೆ ನಷ್ಟ.

ಬರೋಡೆಯ ಕಥೆ ಇನ್ನೂ ದೊಡ್ಡದು. 1907ರಲ್ಲಿ ಮುಂಬಯಿಯಲ್ಲಿ ಮೆಟ್ರಿಕ್ಯುಲೇಷನ್ ತೇರ್ಗಡೆಯಾದ ದಲಿತ ಹುಡುಗನೊಬ್ಬನನ್ನು ಕೃಷ್ಣಾಜಿ ಅರ್ಜುನ ಕೇಳುಸ್ಕರ್ ಎಂಬ ಉಪಾಧ್ಯಾಯರು ಗಮನಿಸಿದ್ದರು. ತಾವು ಬರೆದ ಬುದ್ಧಚರಿತ್ರೆಯ ಪ್ರತಿಯನ್ನು ಅವನಿಗೆ ಕೊಟ್ಟರು. ಮುಂದೆ ಅವನ ಓದಿಗೆ ಹಣವಿಲ್ಲದಾದಾಗ ಮಹಾರಾಜ ಸಯಾಜಿರಾವ್ ಗಾಯಕವಾಡರ ಬಳಿಗೆ ಕರೆದೊಯ್ದರು. ತಿಂಗಳಿಗೆ 25 ರೂಪಾಯಿಯ ವೇತನ ಮಂಜೂರಾಯಿತು. ಬಿ.ಎ. ಆದ ಮೇಲೆ, 1913ರಲ್ಲಿ, ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಓದಲು ಅದೇ ಸಂಸ್ಥಾನ ಮೂರು ವರ್ಷಗಳ ಕಾಲ ತಿಂಗಳಿಗೆ ಹನ್ನೊಂದೂವರೆ ಪೌಂಡು ಕೊಟ್ಟಿತು. ಆ ವಿದ್ಯಾರ್ಥಿ ಡಾ. ಅಂಬೇಡ್ಕರ್.

ಆದರೆ ಈ ವೇತನಕ್ಕೊಂದು ಕರಾರಿತ್ತು. ಓದು ಮುಗಿಸಿ ಬಂದು ಬರೋಡ ಸಂಸ್ಥಾನದಲ್ಲಿ ಹತ್ತು ವರ್ಷ ಸೇವೆ ಸಲ್ಲಿಸತಕ್ಕದ್ದು ಎಂದು ಮುಚ್ಚಳಿಕೆ ಬರೆದುಕೊಡಬೇಕಿತ್ತು. 1917ರಲ್ಲಿ ಅವರು ವೇತನದ ಅವಧಿ ಮುಗಿದು, ಲಂಡನ್ನಿನ ಓದನ್ನು ಅರ್ಧಕ್ಕೇ ನಿಲ್ಲಿಸಿ ಬರೋಡೆಗೆ ಬಂದರು. ಅಂಥ ವಿದ್ವಾಂಸನಿಗೆ ಆ ಊರಿನಲ್ಲಿ ಜಾತಿಯ ಕಾರಣದಿಂದ ತಂಗಲು ಒಂದು ಕೋಣೆ ದೊರೆಯಲಿಲ್ಲ. ಸೇವೆ ಅಲ್ಲಿಗೇ ನಿಂತಿತು. ಅರಸನ ಹಣ ಸಾಗರ ದಾಟಿಸಿತು. ಊರಿನ ಒಂದು ಬೀದಿಯನ್ನು ದಾಟಿಸಲಾಗಲಿಲ್ಲ. 1920ರಲ್ಲಿ ಅವರು ಮತ್ತೆ ಲಂಡನ್ನಿಗೆ ಹೋದದ್ದು ತಮ್ಮ ಸಂಬಳದ ಉಳಿತಾಯ, ಕೊಲ್ಲಾಪುರದ ಶಾಹು ಮಹಾರಾಜರ ನೆರವು ಮತ್ತು ಪಾರ್ಸಿ ಗೆಳೆಯರೊಬ್ಬರ ಸಾಲದಿಂದ. ಉಳಿತಾಯ, ನೆರವು, ಸಾಲ: ಇಂದು ನನ್ನ ಶಿಷ್ಯ ಮಗಳಿಗಾಗಿ ಹೊಂದಿಸುತ್ತಿರುವುದೂ ಈ ಮೂರನ್ನೇ.

ಅರಸರ ವೇತನ ಅರಸರ ಮನಸ್ಸಿನ ಮೇಲೆ ನಿಂತಿತ್ತು. ಅದನ್ನು ನಿಯಮದ ಮೇಲೆ ನಿಲ್ಲಿಸುವ ಒಂದು ಮುಖ್ಯ ಪ್ರಯತ್ನ ನಮ್ಮ ಮೈಸೂರಿನಲ್ಲಿಯೇ ನಡೆಯಿತು. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಕಾಲದಲ್ಲಿ, 1918ರಲ್ಲಿ, ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ನೇಮಕವಾಯಿತು. ಹಿಂದುಳಿದ ಸಮುದಾಯಗಳಿಗೆ ನೌಕರಿಯಲ್ಲಿ ಪಾಲು ಕೊಟ್ಟರೆ ಸಾಲದು, ಅವರ ಮಕ್ಕಳು ಓದಲು ವಿಶೇಷ ವಿದ್ಯಾರ್ಥಿವೇತನಗಳೂ ಬೇಕು ಎಂದು ಆ ಸಮಿತಿ ಮನಗಂಡಿತು. ಮುಂದೆ 1944ರಲ್ಲಿ ಭಾರತ ಸರ್ಕಾರ ಪರಿಶಿಷ್ಟ ಜಾತಿಗಳ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವನ್ನು ಆರಂಭಿಸಿತು. ಆಗ ವೈಸರಾಯರ ಕಾರ್ಯಕಾರಿ ಮಂಡಲಿಯಲ್ಲಿ ಸದಸ್ಯರಾಗಿದ್ದವರು ಅದೇ ಅಂಬೇಡ್ಕರ್. ಹಿಂದೆ ಉಪಾಧ್ಯಾಯರೊಬ್ಬರು ಕೈಹಿಡಿದು ಅರಮನೆಗೆ ಕರೆದೊಯ್ದಿದ್ದ ಹುಡುಗನ ಕಣ್ಣೆದುರಿಗೇ, ಆತನ ಸಮುದಾಯದ ಮಕ್ಕಳಿಗೆ ಅರಮನೆಯ ಬಾಗಿಲಿಗೆ ಹೋಗದೆಯೇ ವೇತನ ಸಿಗುವ ಏರ್ಪಾಟಾಯಿತು. 1948ರಲ್ಲಿ ಇದು ಪರಿಶಿಷ್ಟ ಪಂಗಡಗಳಿಗೂ ವಿಸ್ತರಿಸಿತು. ಕರ್ನಾಟಕದಲ್ಲಿ ದೇವರಾಜ ಅರಸರ ಕಾಲಕ್ಕೆ, 1975ರ ಹಾವನೂರು ವರದಿಯ ಸುಮಾರಿಗೆ, ಹಿಂದುಳಿದ ವರ್ಗಗಳ ವಿದ್ಯಾರ್ಥಿನಿಲಯಗಳಿಗೆ ಬಲ ಬಂದಿತು. ನಮ್ಮ ಶಾಲೆಯ ಹಾಜರಿ ಪುಸ್ತಕದಲ್ಲಿ ಹೊಸ ಹೊಸ ಮನೆತನದ ಹೆಸರುಗಳು ಕಾಣಿಸಿಕೊಂಡದ್ದು ಆ ವರ್ಷಗಳಲ್ಲಿ. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇನ್ನು ಸಾಲದ ಕಥೆ. ಓದಿಗೆ ಸಾಲವೆಂಬುದು ಇತ್ತೀಚಿನದೆಂದು ಹಲವರು ತಿಳಿದಿದ್ದಾರೆ. ಜೆಮ್‌ಷೆಡ್‌ಜಿ ಟಾಟಾ ಅವರು 1892ರಲ್ಲಿಯೇ ವಿದೇಶದಲ್ಲಿ ಓದುವವರಿಗೆ ಸಾಲರೂಪದ ವಿದ್ಯಾರ್ಥಿವೇತನದ ದತ್ತಿಯನ್ನು ಸ್ಥಾಪಿಸಿದರು. ಒಬ್ಬ ವಿದ್ಯಾರ್ಥಿ ತೀರಿಸಿದ ಹಣ ಮುಂದಿನವನ ಓದಿಗೆ ಒದಗುವ ಏರ್ಪಾಡು ಅದು. ತುಮಕೂರಿನಲ್ಲಿ ಹುಟ್ಟಿದ ಭೌತವಿಜ್ಞಾನಿ ರಾಜಾ ರಾಮಣ್ಣನವರೂ, ಮುಂದೆ ರಾಷ್ಟ್ರಪತಿಗಳಾದ ಕೆ. ಆರ್. ನಾರಾಯಣನ್ ಅವರೂ ಟಾಟಾ ನೆರವಿನಿಂದ ಲಂಡನ್ನಿನಲ್ಲಿ ಓದಿದವರು.

1963ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಸಾಲ ವಿದ್ಯಾರ್ಥಿವೇತನ ಯೋಜನೆಯನ್ನು ತಂದಿತು. ಬಡ್ಡಿ ಇಲ್ಲ; ಕೆಲಸ ಸಿಕ್ಕ ಮೇಲೆ ಕಂತುಗಳಲ್ಲಿ ತೀರಿಸಬೇಕು. ಅದರಲ್ಲೊಂದು ವಿಶೇಷ ಕಲಮು ಇತ್ತು. ಸಾಲ ಪಡೆದವನು ಉಪಾಧ್ಯಾಯ ವೃತ್ತಿಗೆ ಸೇರಿದರೆ, ಸೇವೆಯ ಒಂದೊಂದು ವರ್ಷಕ್ಕೂ ಸಾಲದ ಹತ್ತನೆಯ ಒಂದು ಭಾಗ ಮನ್ನಾ. ಈ ಸಾಲ ಪಡೆದವರಲ್ಲಿ ನಾನೂ ಒಬ್ಬ. 1965ರಲ್ಲಿ ಬಿ.ಎಸ್ಸಿ.ಗೆ ಸೇರಿದಾಗ ನಮ್ಮ ಗಣಿತದ ಅಧ್ಯಾಪಕರು ನನ್ನನ್ನು ಕೊಠಡಿಗೆ ಕರೆದು, "ನಿಮ್ಮ ತಂದೆಗೆ ಇದೆಲ್ಲ ಹೊಳೆಯಲಿಕ್ಕಿಲ್ಲ, ಇಲ್ಲಿ ಸಹಿ ಹಾಕು" ಎಂದು ಅರ್ಜಿಯನ್ನು ತಾವೇ ತುಂಬಿದರು. ಜಾಮೀನಿಗೆ ಜನ ಸಿಗದಿದ್ದಾಗ ತಾವೇ ಸಹಿ ಮಾಡಿದರು. ನಾನು ಮೇಷ್ಟ್ರಾಗಿ ಹತ್ತು ವರ್ಷ ಪಾಠ ಹೇಳಿ ಆ ಸಾಲವನ್ನು ತೀರಿಸಿದೆ. ಒಂದು ರೂಪಾಯಿಯನ್ನೂ ಕಟ್ಟದೆ ತೀರಿದ ಆ ಸಾಲದ ಕಾಗದ ಇಂದಿಗೂ ನನ್ನ ಪೆಟ್ಟಿಗೆಯಲ್ಲಿದೆ.

ಆಮೇಲೆ ಕಾಲ ಬದಲಾಯಿತು. ಕರ್ನಾಟಕದಲ್ಲಿ ಖಾಸಗಿ ಇಂಜಿನಿಯರಿಂಗ್, ವೈದ್ಯಕೀಯ ಕಾಲೇಜುಗಳು ಬೆಳೆದವು. ಜೊತೆಗೇ ಕ್ಯಾಪಿಟೇಶನ್ ಶುಲ್ಕವೂ ಬೆಳೆಯಿತು. 1984ರಲ್ಲಿ ಅದನ್ನು ನಿಷೇಧಿಸುವ ಕಾಯಿದೆ ಬಂದಿತು. 1989ರ ಸರ್ಕಾರಿ ಅಧಿಸೂಚನೆಯಂತೆ ಖಾಸಗಿ ವೈದ್ಯಕೀಯ ಕಾಲೇಜಿನ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ರಾಜ್ಯದ ಉಳಿದ ವಿದ್ಯಾರ್ಥಿಗಳಿಗೆ 25,000ದವರೆಗೆ, ಹೊರರಾಜ್ಯದವರಿಗೆ 60,000ದವರೆಗೆ. ಇದನ್ನು ಪ್ರಶ್ನಿಸಿದ ಮೋಹಿನಿ ಜೈನ್ ಮೊಕದ್ದಮೆಯಲ್ಲಿ 1992ರಲ್ಲಿ ಸುಪ್ರೀಂ ಕೋರ್ಟು ಕ್ಯಾಪಿಟೇಶನ್ ಸಲ್ಲದೆಂದಿತು. ಮರುವರ್ಷದ ಉನ್ನಿಕೃಷ್ಣನ್ ತೀರ್ಪಿನಿಂದ ನಮಗೆಲ್ಲ ಚಿರಪರಿಚಿತವಾದ 'ಫ್ರೀ ಸೀಟು', 'ಪೇಮೆಂಟ್ ಸೀಟು' ಎಂಬ ಮಾತುಗಳು ಮನೆಮನೆಗೂ ಬಂದವು. ಅರ್ಧದಷ್ಟು ಮಕ್ಕಳು ಕಡಿಮೆ ಶುಲ್ಕದಲ್ಲಿ ಓದುವುದು, ಉಳಿದರ್ಧ ಮಕ್ಕಳು ಕಟ್ಟಿದ ಹೆಚ್ಚಿನ ಶುಲ್ಕದಿಂದ ಅವರ ಖರ್ಚನ್ನೂ ತೂಗಿಸುವುದು ಅದರ ಲೆಕ್ಕಾಚಾರ. 1994ರಿಂದ ನಮ್ಮ ಸಿಇಟಿ ಈ ಸೀಟುಗಳನ್ನು ಅಂಕದ ಮೇಲೆ ಹಂಚಿತು. ಹಳ್ಳಿಯ ಎಷ್ಟೋ ಮಕ್ಕಳು ಆ ವರ್ಷಗಳಲ್ಲಿ ಇಂಜಿನಿಯರುಗಳಾದರು. ಇದನ್ನು ಓದುತ್ತಿರುವವರಲ್ಲಿಯೂ ಕೆಲವರಿದ್ದೀರಿ. 2002ರಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠವು ಟಿ.ಎಂ.ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ ಈ ವ್ಯವಸ್ಥೆಯನ್ನು ಒಪ್ಪಲಿಲ್ಲ. ಒಬ್ಬ ವಿದ್ಯಾರ್ಥಿಯ ಹೊರೆಯನ್ನು ಮತ್ತೊಬ್ಬನ ಮೇಲೆ ಹೊರಿಸುವುದು ನ್ಯಾಯವಲ್ಲ ಎಂಬುದು ಅದರ ನಿಲುವು.

ಹಾಗಾದರೆ ಹೊರೆ ಯಾರದು? ವಿದ್ಯಾರ್ಥಿಯದೇ, ಆದರೆ ಅವನು ಮುಂದೆ ಗಳಿಸುವ ಕಾಲದ್ದು. 2001ರಲ್ಲಿ ಬ್ಯಾಂಕುಗಳ ಒಕ್ಕೂಟವು ಸಿದ್ಧಪಡಿಸಿದ ಮಾದರಿ ವಿದ್ಯಾಸಾಲ ಯೋಜನೆ ಜಾರಿಗೆ ಬಂದಿತು. ನನ್ನ ಶಿಷ್ಯ ಕೇಳಿದ ಶಬ್ದಗಳೆಲ್ಲ ಅದರವು. ಮಾರ್ಜಿನ್ ಎಂದರೆ ಖರ್ಚಿನಲ್ಲಿ ನಾವು ಕೈಯಿಂದ ಹಾಕಬೇಕಾದ ಪಾಲು. ಮಾದರಿ ಯೋಜನೆಯಲ್ಲಿ 4 ಲಕ್ಷದವರೆಗಿನ ಸಾಲಕ್ಕೆ ಅದೂ ಇಲ್ಲ, ಅಡಮಾನವೂ ಇಲ್ಲ, ತಂದೆ ಅಥವಾ ತಾಯಿ ಜೊತೆ ಸಾಲಗಾರರಾಗಿ ಸಹಿ ಹಾಕಬೇಕು. ಮೊರಟೋರಿಯಂ ಎಂದರೆ ಓದುವ ಕಾಲ ಮತ್ತು ಅದರ ಮೇಲೊಂದು ವರ್ಷ ಕಂತು ಕಟ್ಟಬೇಕಾಗಿಲ್ಲವೆಂಬ ವಿರಾಮ.

ಇಲ್ಲಿ ಹಲವರು ಎಡವುತ್ತಾರೆ. ಕಂತಿಗೆ ವಿರಾಮ ಉಂಟು, ಬಡ್ಡಿಗೆ ಇಲ್ಲ. ಹಳೆಯ ಅಭ್ಯಾಸದಂತೆ ಕರಿಹಲಗೆಯ ಮೇಲೆ ಬರೆದು ತೋರಿಸುತ್ತೇನೆ. ನಾಲ್ಕು ವರ್ಷದ ಓದಿಗೆ ಪ್ರತಿ ವರ್ಷದ ಆರಂಭದಲ್ಲಿ 1 ಲಕ್ಷದಂತೆ ಸಾಲ. ಬಡ್ಡಿ ದರ ಲೆಕ್ಕಕ್ಕೆ ಸುಲಭವಾಗಲೆಂದು ಶೇಕಡಾ 10, ಸರಳಬಡ್ಡಿ. ಮೊದಲ ಲಕ್ಷಕ್ಕೆ ಐದು ವರ್ಷದ ಬಡ್ಡಿ, ಎರಡನೆಯದಕ್ಕೆ ನಾಲ್ಕು, ಮೂರನೆಯದಕ್ಕೆ ಮೂರು, ಕೊನೆಯದಕ್ಕೆ ಎರಡು. ಒಟ್ಟು 14 ವರ್ಷದ ಬಡ್ಡಿ, ಅಂದರೆ 1,40,000 ರೂಪಾಯಿ. ಮೊದಲ ಕಂತು ಕಟ್ಟುವ ದಿನ ಹುಡುಗಿಯ ತಲೆಯ ಮೇಲಿರುವುದು 4 ಲಕ್ಷವಲ್ಲ, 5,40,000.

ಸಬ್ಸಿಡಿ ಎಂಬುದರ ಬೆಲೆ ಈಗ ತಿಳಿಯುತ್ತದೆ. ಕುಟುಂಬದ ವಾರ್ಷಿಕ ಆದಾಯ ನಾಲ್ಕೂವರೆ ಲಕ್ಷದೊಳಗಿದ್ದು ವೃತ್ತಿಪರ ಶಿಕ್ಷಣ ಪಡೆಯುವವರಿಗೆ ವಿರಾಮ ಕಾಲದ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಕಟ್ಟುವ ಯೋಜನೆ 2009ರಲ್ಲಿ ಬಂದಿತು. 2024ರ ನವೆಂಬರಿನಲ್ಲಿ ಒಪ್ಪಿಗೆ ಪಡೆದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯು ಆಯ್ದ ಉನ್ನತ ಸಂಸ್ಥೆಗಳಲ್ಲಿ ಓದುವ, 8 ಲಕ್ಷದವರೆಗೆ ಆದಾಯವಿರುವ ಮನೆಯ ಮಕ್ಕಳಿಗೆ 10 ಲಕ್ಷದವರೆಗಿನ ಸಾಲದ ಮೇಲೆ ವಿರಾಮ ಕಾಲದಲ್ಲಿ ಶೇಕಡಾ 3ರ ಬಡ್ಡಿ ರಿಯಾಯಿತಿಯನ್ನು ಸೇರಿಸಿತು. ಆದರೆ ಇವು ಯಾವುವೂ ತಾವಾಗಿ ಮನೆ ಬಾಗಿಲಿಗೆ ಬರುವುದಿಲ್ಲ. ಆದಾಯ ಪ್ರಮಾಣಪತ್ರ ಬೇಕು, ಗೊತ್ತಾದ ದಿನದೊಳಗೆ ಅರ್ಜಿ ಬೇಕು. ಸಾಲಕ್ಕೆ ಮೊದಲು ರಾಜ್ಯದ ವಿದ್ಯಾರ್ಥಿವೇತನವನ್ನೂ ಶುಲ್ಕ ವಿನಾಯಿತಿಯನ್ನೂ ಕೇಳಬೇಕು. ಅದು ಸಿಕ್ಕಷ್ಟು ಸಾಲ ಕಡಿಮೆ.

ಈಗ ಆರಂಭದಲ್ಲಿ ಹೇಳದೆ ಉಳಿಸಿದ ಮಾತಿಗೆ ಬರುತ್ತೇನೆ. 1988ರಲ್ಲಿ ಈ ಶಿಷ್ಯ ನಮ್ಮ ಶಾಲೆಗೆ ಮೊದಲಿಗನಾಗಿ ಎಸ್.ಎಸ್.ಎಲ್.ಸಿ. ಮುಗಿಸಿದ. ಗಣಿತದಲ್ಲಿ ಅವನಂಥ ಹುಡುಗರನ್ನು ನನ್ನ ಸೇವೆಯಲ್ಲಿ ಕಂಡದ್ದು ನಾಲ್ಕೋ ಐದೋ. ಮುಖ್ಯೋಪಾಧ್ಯಾಯರು ರಜೆಯಲ್ಲಿದ್ದು ಪ್ರಭಾರ ನನ್ನದಾಗಿತ್ತು. ಪಿಯುಸಿ ಸೇರುವ ಬಡ ಪ್ರತಿಭಾವಂತರಿಗೆ ವಿದ್ಯಾರ್ಥಿವೇತನದ ಸುತ್ತೋಲೆಯೊಂದು ಅಂಚೆಯಲ್ಲಿ ಬಂದಿತು. ಅದು ಅವನಿಗೆಂದೇ ಬರೆದಂತಿತ್ತು. ಅಂದು ಶನಿವಾರ, ಮನೆಯಲ್ಲಿ ತಂಗಿಯ ಮದುವೆಯ ಓಡಾಟ. ಸೋಮವಾರ ಹೇಳಿ ಕಳುಹಿಸೋಣವೆಂದು ಹಾಜರಿ ಪುಸ್ತಕದೊಳಗೆ ಇಟ್ಟೆ. ಇಟ್ಟದ್ದನ್ನು ಮರೆತೆ. ಮತ್ತೆ ಅದು ಕೈಗೆ ಸಿಕ್ಕಾಗ ಕೊನೆಯ ದಿನಾಂಕ ಕಳೆದು ಒಂಬತ್ತು ದಿನಗಳಾಗಿದ್ದವು.

ಅವನು ತುಮಕೂರಿನಲ್ಲಿ ಪಿಯುಸಿಗೆ ಸೇರಿದ. ಒಂದು ವರ್ಷವಾಗುವಷ್ಟರಲ್ಲಿ ಊಟದ ಹಣ ಕಟ್ಟಲಾಗದೆ ಊರಿಗೆ ಹಿಂದಿರುಗಿದ. ಮಂಡಿಯ ಲೆಕ್ಕಕ್ಕೆ ಸೇರಿದ್ದು ಆಗಲೇ. ಆ ವೇತನ ಅವನಿಗೆ ಖಂಡಿತ ಸಿಗುತ್ತಿತ್ತೆಂದು ನಾನು ಹೇಳಲಾರೆ. ಸಿಗುವ ಅವಕಾಶ ಇದ್ದುದು ಅವನಿಗೆ ತಿಳಿಯಲೇ ಇಲ್ಲ. ನಾನೂ ಹೇಳಲಿಲ್ಲ. ಪ್ರತಿ ವರ್ಷ ಗುರುಪೂರ್ಣಿಮೆಗೆ ಅವನು ತಪ್ಪದೆ ಫೋನ್ ಮಾಡುತ್ತಾನೆ, "ನಿಮ್ಮಿಂದ ನಾಲ್ಕು ಅಕ್ಷರ ಕಲಿತೆ ಸಾರ್" ಎನ್ನುತ್ತಾನೆ. ಪ್ರತಿ ಸಲವೂ ಹೇಳಬೇಕೆಂದುಕೊಂಡು ಸುಮ್ಮನಾಗಿದ್ದೇನೆ. ಮೂವತ್ತು ವರ್ಷಗಳಿಗೂ ಮಿಕ್ಕಿ ಹೀಗೆ ನಡೆದಿದೆ.

ಕೇಳುಸ್ಕರ್ ಎಂಬ ಉಪಾಧ್ಯಾಯರಿಗೆ ಸ್ವಂತ ಹಣವಿರಲಿಲ್ಲ. ಹಣ ಎಲ್ಲಿದೆಯೆಂದು ಗೊತ್ತಿತ್ತು, ಹುಡುಗ ಎಲ್ಲಿದ್ದಾನೆಂದೂ ಗೊತ್ತಿತ್ತು. ಎರಡನ್ನೂ ಒಂದೆಡೆ ಸೇರಿಸಿದರು. ನನ್ನ ಅಧ್ಯಾಪಕರು ನನಗೆ ಮಾಡಿದ್ದೂ ಅದನ್ನೇ. ಅರಸ, ಮಠ, ಸರ್ಕಾರ, ಬ್ಯಾಂಕು ಎಂದು ಕೊಡುವವರು ಬದಲಾಗುತ್ತ ಬಂದರೂ ನಡುವೆ ನಿಲ್ಲುವ ಈ ಮನುಷ್ಯನ ಕೆಲಸ ಬದಲಾಗಲಿಲ್ಲ. ಆ ಕೆಲಸದಲ್ಲಿ ನಾನು ಒಮ್ಮೆ ತಪ್ಪಿದೆ.

ಈ ಬರಹವನ್ನು ಅವನ ಮಗಳು ಅವನಿಗೆ ಓದಿ ಹೇಳಬಹುದು. ಅಪ್ಪಾ, ಅದಕ್ಕೆ ಮೊದಲೇ ನಿನಗೆ ಫೋನ್ ಮಾಡುತ್ತೇನೆ. ಇಲ್ಲಿ ಬರೆದು ನಿನ್ನೆದುರು ಆಡದೆ ಉಳಿಯುವುದು ಸರಿಯಲ್ಲ. ಮಗಳ ಸಬ್ಸಿಡಿಯ ಅರ್ಜಿಯನ್ನು ಶನಿವಾರ ಇಬ್ಬರೂ ಕೂಡಿ ತುಂಬೋಣ. ಸೋಮವಾರಕ್ಕೆ ಬಿಡುವುದು ಬೇಡ.

ಉಳಿದ ಶಿಷ್ಯರಲ್ಲಿ ಒಂದು ಕೋರಿಕೆ. ನಿಮ್ಮಲ್ಲಿ ಬ್ಯಾಂಕಿನಲ್ಲಿರುವವರಿದ್ದೀರಿ, ಕಾಲೇಜುಗಳಲ್ಲಿ ಪಾಠ ಹೇಳುವವರಿದ್ದೀರಿ, ತಾಲ್ಲೂಕು ಕಚೇರಿಯಲ್ಲಿರುವವರಿದ್ದೀರಿ. ನಿಮ್ಮ ಮೇಜಿನ ಮೇಲೆ ಇಂದು ಯಾವ ಸುತ್ತೋಲೆ ಇದೆಯೋ ಒಮ್ಮೆ ತೆಗೆದು ನೋಡಿ. ಅದು ತಲುಪಬೇಕಾದ ಮಗು ಯಾವ ಬೀದಿಯಲ್ಲಿದೆ ಎಂದು ವಿಚಾರಿಸಿ, ಹೇಳಿ ಕಳುಹಿಸಿ.